ರಾಹುಕಾಲದ ಚೀಟಿ

ನನಗೆ ಕೌಂಟರುಗಳೆಂದರೆ ಆಗುವುದಿಲ್ಲ. ಗಾಜಿನ ಆಚೆ ಕೂತವರು ಈಚೆ ನಿಂತವರನ್ನು ನೋಡುವ ಒಂದು ನೋಟವಿದೆಯಲ್ಲ, ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಬಸ್ ಪಾಸು, ಸೀಮೆಎಣ್ಣೆ, ಗ್ಯಾಸ್ ಸಿಲಿಂಡರು, ಎಲ್ಲೆಲ್ಲಿ ಒಂದು ಕಿಂಡಿ ಇದೆಯೋ ಅಲ್ಲೆಲ್ಲ ಒಂದೊಂದು ಜಗಳ ಆಡಿ ಬಂದವಳು ನಾನು. "ಇವಳನ್ನ ಕ್ಯೂಗೆ ಕಳಿಸಬೇಡಿ, ಆಗೋ ಕೆಲಸಾನೂ ಆಗಲ್ಲ" ಎಂದು ಅಮ್ಮ ಹೇಳುತ್ತಿದ್ದಳು. ಅವಳ ಮಾತು ಸುಳ್ಳಲ್ಲ. ಆದರೆ ನನ್ನ ಜೀವನದ ಅತಿ ದೊಡ್ಡ ಕೌಂಟರ್ ಜಗಳವನ್ನು ನಾನು ಆಡಿದ್ದು ಅವಳಿಗೋಸ್ಕರವೇ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟು. ವಾರವೆಲ್ಲ ಮಾಲೂರಿನಲ್ಲಿದ್ದು ಶನಿವಾರ ಸಂಜೆ ಮುಳಬಾಗಿಲಿನ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ನಮ್ಮ ತಾತ ಪೌರೋಹಿತ್ಯ ಮಾಡಿದವರು. ಅಪ್ಪ ಅದನ್ನು ಬಿಟ್ಟು ಸರ್ಕಾರಿ ಗುಮಾಸ್ತರಾದರು, ಆದರೆ ಪಂಚಾಂಗವನ್ನು ಬಿಡಲಿಲ್ಲ. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಟ್ಟುಕೊಳ್ಳುವ ಹಾಗೆ ಅಪ್ಪ ಒಂದು ಸಣ್ಣ ಪಂಚಾಂಗ ಇಟ್ಟುಕೊಳ್ಳುತ್ತಿದ್ದರು. ಕ್ಷೌರಕ್ಕೆ ಹೋಗಬೇಕಾದರೂ ಅದನ್ನು ಕೇಳಿಯೇ ಹೋಗಬೇಕು. ಹೊಸ ಪೊರಕೆಯನ್ನು ಮನೆಯೊಳಕ್ಕೆ ತರಬೇಕಾದರೂ ಅದರದೇ ಅಪ್ಪಣೆ.

ಅಮ್ಮ ಗೌನಿಪಲ್ಲಿ ಕಡೆಯವಳು. ಆಂಧ್ರದ ಗಡಿ ಅಲ್ಲಿಂದ ಕೂಗಳತೆ ದೂರ, ಹಾಗಾಗಿ ತವರುಮನೆಯ ಮಾತು ಅರ್ಧಕ್ಕರ್ಧ ತೆಲುಗು. ಆಸೆಗಳನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಸೀರೆ ಬೇಕೇ ಎಂದರೆ ಇದೆ ಎನ್ನುತ್ತಿದ್ದಳು, ಸಿನಿಮಾಕ್ಕೆ ಹೋಗೋಣವೇ ಎಂದರೆ ನೀವು ಹೋಗಿ ಬನ್ನಿ ಎನ್ನುತ್ತಿದ್ದಳು. ಆದರೆ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಬಸ್ಸಿನಲ್ಲಿ ಹೋಗುವಾಗ ನರಸಾಪುರ ದಾಟಿದ ಕೂಡಲೇ ಕಿಟಕಿಯ ಪಕ್ಕದ ಸೀಟು ಕೇಳುತ್ತಿದ್ದಳು. ಹೆದ್ದಾರಿಯಿಂದ ಸ್ವಲ್ಪ ಒಳಗೆ, ನೀಲಗಿರಿ ತೋಪಿನ ಹಿಂದೆ, ಹೊಸದಾಗಿ ಒಂದು ಅಮ್ಯೂಸ್‌ಮೆಂಟ್ ಪಾರ್ಕ್ ಆಗಿತ್ತು. ಅದರ ಜಾಯಿಂಟ್ ವೀಲ್ ತೋಪಿನ ಮೇಲೆ ತಲೆ ಎತ್ತಿ ನಿಂತಿರುತ್ತಿತ್ತು. ಅಮ್ಮ ಅದು ಮರೆಯಾಗುವವರೆಗೂ ಕತ್ತು ತಿರುಗಿಸಿಕೊಂಡೇ ಇರುತ್ತಿದ್ದಳು. ಒಂದು ಸಲ ಕೇಳಿಯೂಬಿಟ್ಟಳು.

"ಅದರ ತುದೀಗೆ ಹೋದ್ರೆ ಏನೇನ್ ಕಾಣುತ್ತೇ?"

"ಹೋಗೋಣ್ವಾ?" ಎಂದೆ.

ಅಮ್ಮ ಬೇಡ ಎನ್ನಲಿಲ್ಲ. ಐವತ್ತೆರಡು ವರ್ಷದಲ್ಲಿ ಅವಳು ಬೇಡ ಎನ್ನದೇ ಉಳಿದ ಮೊದಲ ಸಂಗತಿ ಅದು. ಅವತ್ತೇ ನಾನು ತೀರ್ಮಾನ ಮಾಡಿದೆ, ಇವಳನ್ನು ಆ ವೀಲಿನ ಮೇಲೆ ಕೂರಿಸದೆ ಬಿಡುವುದಿಲ್ಲ ಎಂದು.

ಹೋಗುವ ದಿನವನ್ನು ಅಪ್ಪನೇ ಇಟ್ಟರು. ಮೊದಲನೆಯ ಭಾನುವಾರ ಅಮಾವಾಸ್ಯೆ, ಆಗದು. ಎರಡನೆಯದು ಅಮ್ಮನ ನಕ್ಷತ್ರಕ್ಕೆ ಸರಿಹೋಗಲಿಲ್ಲ. ಮೂರನೆಯ ಭಾನುವಾರ ಎಲ್ಲವೂ ಪ್ರಶಸ್ತವಾಗಿದೆ ಎಂದು ಅಪ್ಪ ಕನ್ನಡಕ ತೆಗೆದು ಘೋಷಿಸಿದರು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಐದನ್ನೂ ನೋಡಿದ್ದರು. ಪಾರ್ಕಿನವರು ಅದೇ ವಾರದಿಂದ ಹೊಸ ವ್ಯವಸ್ಥೆಯೊಂದನ್ನು ಶುರು ಮಾಡುತ್ತಾರೆ ಎಂದು ಪಾಪ, ಪಂಚಾಂಗದಲ್ಲಿ ಬರೆದಿರಲಿಲ್ಲ.

ಮಾವಿನಕಾಯಿ ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಚಕ್ಕುಲಿ ಎಲ್ಲವನ್ನೂ ಅಮ್ಮ ತನ್ನ ನೀಲಿ ವೈರ್ ಬ್ಯಾಗಿಗೆ ತುಂಬಿದಳು. ಕೋಲಾರದಲ್ಲಿ ಬಸ್ಸು ಬದಲಿಸಿ, ಪಾರ್ಕಿನ ಗೇಟಿನಲ್ಲಿ ಇಳಿದಾಗ ಹನ್ನೊಂದೂವರೆ. ಟಿಕೆಟ್ ತೆಗೆದುಕೊಂಡು ಒಳಗೆ ಕಾಲಿಟ್ಟರೆ ಎದುರಿಗೇ ದೊಡ್ಡದೊಂದು ಬ್ಯಾನರು. 'ಇನ್ನು ಮುಂದೆ ಕ್ಯೂ ಇಲ್ಲ! ಸಮಯದ ಚೀಟಿ ಪಡೆಯಿರಿ, ಆರಾಮವಾಗಿ ಆಟವಾಡಿ!' ಆ ಬ್ಯಾನರಿನ ಕೆಳಗೆ, ಹನುಮಂತನ ಬಾಲದ ಹಾಗೆ, ಚೀಟಿ ಪಡೆಯುವವರ ಕ್ಯೂ.

ವ್ಯವಸ್ಥೆ ಏನೆಂದು ಮುಂದೆ ನಿಂತಿದ್ದವರು ವಿವರಿಸಿದರು. ಹಿಂದಿನ ಹಾಗೆ ಯಾವ ಆಟ ಬೇಕೋ ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಲ್ಲುವಂತಿಲ್ಲ. ಇಲ್ಲಿ ಕಂಪ್ಯೂಟರಿನ ಮುಂದೆ ನಿಂತು, ಆಟದ ಹೆಸರು ಹೇಳಿ, ಇಷ್ಟು ಗಂಟೆಗೆ ಎಂದು ಅಚ್ಚಾದ ಚೀಟಿ ತೆಗೆದುಕೊಳ್ಳಬೇಕು. ಆ ಹೊತ್ತಿಗೆ ಹೋದರೆ ಕಾಯದೆ ಆಡಬಹುದು. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಚೀಟಿ. ಅದು ಮುಗಿಯುವವರೆಗೆ ಇನ್ನೊಂದು ಕೊಡುವುದಿಲ್ಲ. ಕೇಳಲು ಬಹಳ ಚೆನ್ನಾಗಿತ್ತು. ಅಪ್ಪನಿಗಂತೂ ಬಲು ಸಂತೋಷವಾಯಿತು.

"ನೋಡ್ದಾ, ಎಲ್ಲಾದಕ್ಕೂ ಒಂದು ಕಾಲ ಅಂತ ಇಟ್ಟಿದ್ದಾರೆ. ಇದು ಕಣಮ್ಮಾ ಶಿಸ್ತು" ಎಂದರು ನನಗೆ.

ಕಿಂಡಿಯ ಹತ್ತಿರ ಬರುವ ಹೊತ್ತಿಗೆ ಹನ್ನೆರಡಕ್ಕೆ ಹತ್ತು ನಿಮಿಷ. ಒಳಗೆ ಟೈ ಕಟ್ಟಿಕೊಂಡ ಒಬ್ಬ ಕೂತಿದ್ದ. ಜಾಯಿಂಟ್ ವೀಲ್, ಮೂರು ಜನ ಎಂದೆ.

"ಹನ್ನೆರಡಕ್ಕೆ ಇದೆ, ಕೊಡ್ಲಾ?"

ನಾನು ಕೊಡಿ ಎನ್ನುವುದರೊಳಗೆ ಅಪ್ಪ ಹಿಂದಿನಿಂದ ಕತ್ತು ಚಾಚಿದರು. "ಬೇಡ ಬೇಡ. ಭಾನುವಾರ ಹನ್ನೆರಡರಿಂದ ಒಂದೂವರೆವರೆಗೆ ಯಮಗಂಡ ಕಾಲ. ಅದಾದ ಮೇಲೆ ಕೊಡಿ."

ಟೈ ಕಟ್ಟಿದವನು ಕಂಪ್ಯೂಟರನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದ. "ಒಂದೂ ಮುಕ್ಕಾಲಿಗೆ ಇದೆ."

"ತಗೊಳ್ಳಿ ಅಪ್ಪಾ!" ಎಂದೆ ನಾನು.

"ಒಂದ್ ನಿಮಿಷ ಇರೇ." ಅಪ್ಪ ಜೇಬಿನಿಂದ ಪಂಚಾಂಗ ತೆಗೆದರು. ಇನ್ನೊಂದು ಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದರು. ಅವತ್ತು ದುರ್ಮುಹೂರ್ತವೊಂದು ಎಲ್ಲೋ ಬಂದುಹೋಗುತ್ತದೆ, ಅದು ಎಷ್ಟು ಹೊತ್ತಿಗೆ ಎಂದು ನೋಡಿಬಿಡುತ್ತೇನೆ ಎಂದು ಪುಟ ತಿರುವತೊಡಗಿದರು. ಹಿಂದಿನವರು ಕೂಗಾಡಿದರು. "ಏನ್ರೀ ಯಜಮಾನ್ರೇ, ಮದುವೆ ಮುಹೂರ್ತ ಇಡ್ತಿದ್ದೀರಾ?" ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು. ಟೈ ಕಟ್ಟಿದವನು "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ನೋಡಿ ಹೇಳಿ" ಎಂದು ನಮ್ಮನ್ನು ಸರಿಸಿದ.

ನಮ್ಮ ಹಿಂದೆ ಇದ್ದದ್ದು ಒಂದು ಮದುವೆ ದಿಬ್ಬಣ. ಹಿಂದಿನ ದಿನ ಚಿಂತಾಮಣಿ ಕಡೆ ಮದುವೆ ಮುಗಿಸಿಕೊಂಡು, ಹೆಣ್ಣು ಗಂಡಿನ ಸಮೇತ ಎರಡು ಬಸ್ಸಿನಲ್ಲಿ ಬಂದಿದ್ದರು. ಅವರ ಯಜಮಾನ ಕಿಂಡಿಗೆ ಒಂದು ಕಟ್ಟು ಟಿಕೆಟ್ ಕೊಟ್ಟು ಎಲ್ಲರಿಗೂ ಜಾಯಿಂಟ್ ವೀಲ್ ಎಂದ. ಕಂಪ್ಯೂಟರು ಕರಕರ ಎಂದು ಚೀಟಿ ಉಗುಳತೊಡಗಿತು. ಅಪ್ಪ ಪಂಚಾಂಗದಿಂದ ತಲೆ ಎತ್ತಿ, ಬಹಳ ತೃಪ್ತಿಯಿಂದ, "ಒಂದೂ ಮುಕ್ಕಾಲು ಶುಭವಾಗಿದೆ, ಕೊಡಿ" ಎನ್ನುವ ಹೊತ್ತಿಗೆ ಒಂದೂ ಮುಕ್ಕಾಲು ಹೋಗಿತ್ತು. ಎರಡೂ ಕಾಲು ಹೋಗಿತ್ತು. ಮೂರು, ಮೂರೂವರೆ, ನಾಲ್ಕು ಎಲ್ಲ ದಿಬ್ಬಣದ ಪಾಲಾಗಿತ್ತು.

"ನಾಲ್ಕೂ ಮುಕ್ಕಾಲು ಒಂದೇ ಉಳಿದಿರೋದು ಸಾರ್. ಆರಕ್ಕೆ ಪಾರ್ಕ್ ಕ್ಲೋಸು."

ಅಪ್ಪ ಬಾಯಿ ತೆರೆಯುವುದರೊಳಗೆ ನಾನು "ಕೊಡಿ, ಕೊಡಿ" ಎಂದು ಮೂರು ಚೀಟಿ ಕಿತ್ತುಕೊಂಡೆ. ಅಪ್ಪ ಅದನ್ನು ಇಸಿದುಕೊಂಡು ಓದಿದರು. ಅವರ ಮುಖ ಇಳಿದುಹೋಯಿತು.

"ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ ಕಣೇ. ಸರಿಯಾಗಿ ಅದರೊಳಗೇ ಕೊಟ್ಟಿದ್ದಾನಲ್ಲೇ ಪುಣ್ಯಾತ್ಮ!"

ಯಮಗಂಡವನ್ನು ತಪ್ಪಿಸಿಕೊಳ್ಳಲು ಹೋಗಿ ರಾಹುವಿನ ಬಾಯಿಗೆ ಬಿದ್ದಿದ್ದೆವು. ನನಗೆ ಅಪ್ಪನ ಮೇಲೆ ಬಂದ ಕೋಪಕ್ಕೆ ಆ ಪಂಚಾಂಗವನ್ನು ಅಲ್ಲಿದ್ದ ಬಾತುಕೋಳಿ ಕೊಳಕ್ಕೆ ಎಸೆಯಬೇಕು ಎನಿಸಿತು. ಅಮ್ಮ ಮಾತ್ರ ತನ್ನ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಸರಿ, ನಾಲ್ಕೂ ಮುಕ್ಕಾಲಿನವರೆಗೆ ಬೇರೆ ಆಟ ಆಡೋಣ ಎಂದುಕೊಂಡೆವು. ಹೊಸ ವ್ಯವಸ್ಥೆಯ ನಿಜವಾದ ಸೊಗಸು ಗೊತ್ತಾಗಿದ್ದು ಆಗ. ಡ್ಯಾಶಿಂಗ್ ಕಾರಿನ ಹತ್ತಿರ ಹೋದರೆ ಹನ್ನೆರಡು ಕಾರುಗಳೂ ಖಾಲಿ ನಿಂತಿದ್ದವು. ಬಾಗಿಲಲ್ಲಿ ಕಾವಲಿನವನೊಬ್ಬ ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ.

"ಚೀಟಿ?"

"ಯಾರೂ ಇಲ್ಲವಲ್ರೀ. ಖಾಲಿ ಇದೆ."

"ಖಾಲಿ ಇದ್ರೂ ಚೀಟಿ ಬೇಕಮ್ಮ."

ಮತ್ತೆ ಕ್ಯೂ ನಿಂತು ಕಿಂಡಿಗೆ ಹೋದೆ. ಟೈ ಕಟ್ಟಿದವನು ನನ್ನ ಟಿಕೆಟ್ಟಿನ ನಂಬರು ಒತ್ತಿ ತಲೆಯಾಡಿಸಿದ. "ನಿಮಗೆ ಆಗಲೇ ಒಂದು ಚೀಟಿ ಇದೆ ಮೇಡಂ. ಅದು ಮುಗಿಯೋವರೆಗೂ ಕಂಪ್ಯೂಟರ್ ತಗೊಳ್ಳಲ್ಲ."

"ಅದು ಮುಗಿಯೋದು ಐದು ಗಂಟೆಗೆ! ಅಲ್ಲೀವರೆಗೆ ಏನ್ಮಾಡೋದು?"

"ಆರಾಮಾಗಿರಿ."

"ಕಾರುಗಳು ಸುಮ್ನೆ ನಿಂತಿವೆ. ಆಡೋಕೆ ಜನ ಇದ್ದಾರೆ. ಮಧ್ಯ ನಿಮ್ಮ ಈ ಡಬ್ಬ ಯಾಕ್ರೀ?"

"ಬೇಕಾದ್ರೆ ಜಾಯಿಂಟ್ ವೀಲ್ ಕ್ಯಾನ್ಸಲ್ ಮಾಡಿಸ್ಕೊಳ್ಳಿ. ಆಮೇಲೆ ಏನ್ ಬೇಕಾದ್ರೂ ಕೊಡ್ತೀನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ದೊಡ್ಡವರು ಹೇಳಿದ್ದು ಕಂಪ್ಯೂಟರು ಬರುವುದಕ್ಕೆ ಮುಂಚೆ. ಈಗ ಪೂಜಾರಿಯೂ ಕೊಡಲು ತಯಾರಿದ್ದ, ಗಂಟೆ ಬಾರಿಸುವ ಯಂತ್ರ ಒಪ್ಪುತ್ತಿರಲಿಲ್ಲ. ನಾನು ಆ ಕಿಂಡಿಯ ಮುಂದೆ ಕನ್ನಡದಲ್ಲಿ ಬೈದೆ, ತೆಲುಗಿನಲ್ಲಿ ಬೈದೆ, ಮ್ಯಾನೇಜರನ್ನು ಕರೆಸಿ ಅವನನ್ನೂ ಬೈದೆ. ಮ್ಯಾನೇಜರು ನಗುನಗುತ್ತಾ ಒಂದು ಸಲಹಾ ಪುಸ್ತಕ ಕೊಟ್ಟು ಬರೆಯಿರಿ ಎಂದ. ಒಂದೂವರೆ ಪುಟ ಬರೆದೆ. ಟೈಪಿಸ್ಟಾದ್ದರಿಂದ ಪ್ಯಾರಾ ಬಿಟ್ಟು ಅಚ್ಚುಕಟ್ಟಾಗಿಯೇ ಬರೆದೆ.

ವಾಪಸು ಬಂದಾಗ ಅಪ್ಪ ಅಮ್ಮ ಜಾಯಿಂಟ್ ವೀಲಿನ ಎದುರಿಗಿದ್ದ ಹೊಂಗೆ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದರು. ಬುತ್ತಿ ಬಿಚ್ಚಿ ಊಟ ಮಾಡಿದೆವು. ಹೊಟ್ಟೆ ತುಂಬಿದ ಮೇಲೆ ಅಪ್ಪನ ಮನಸ್ಸು ಸ್ವಲ್ಪ ತಿಳಿಯಾಯಿತು.

"ಅವನು ಹೇಳಿದ್ದೂ ಸರಿ. ಅದನ್ನ ಕ್ಯಾನ್ಸಲ್ ಮಾಡಿಸಿಬಿಡೋಣ. ಪುಟಾಣಿ ರೈಲು ಇದೆಯಂತೆ, ನೆಲದ ಮೇಲೇ ಹೋಗತ್ತೆ. ಮೂರೂ ಜನ ಕೂತ್ಕೊಂಡು ಒಂದು ಸುತ್ತು ಹೊಡೆದು ಮನೆ ಕಡೆ ಹೊರಡೋಣ. ವೀಲಿಗೆ ಇನ್ನೊಂದ್ಸಲ ಬಂದ್ರಾಯ್ತು."

ನನಗೆ ಗೊತ್ತಿತ್ತು, ಆ ಇನ್ನೊಂದು ಸಲ ಬರುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮನಿಗೆ ಸೇರಿದ್ದೆಲ್ಲವೂ ಇನ್ನೊಂದು ಸಲಕ್ಕೆ ಹೋಗುತ್ತಿತ್ತು. ಕಾಶಿಯೂ ಅಲ್ಲೇ ಇತ್ತು, ಹೊಸ ಮಿಕ್ಸಿಯೂ ಅಲ್ಲೇ ಇತ್ತು. ಅಮ್ಮನ ಕಡೆ ನೋಡಿದೆ. ಅವಳು ವೀಲನ್ನೇ ನೋಡುತ್ತಿದ್ದಳು. ಬಣ್ಣದ ತೊಟ್ಟಿಲೊಂದು ಮೇಲೆ ಹೋದರೆ ಅವಳ ಗದ್ದವೂ ಅದರ ಜೊತೆ ಮೇಲೆ ಹೋಗುತ್ತಿತ್ತು.

"ಕ್ಯಾನ್ಸಲ್ ಬೇಡ" ಎಂದು ನಾನು ಎದ್ದೆ. ದಿಬ್ಬಣದವರ ಹತ್ತಿರ ಚೀಟಿ ಅದಲುಬದಲು ಮಾಡಿಕೊಳ್ಳೋಣ ಎಂದು ನನ್ನ ಯೋಚನೆ. ಐಸ್‌ಕ್ರೀಮ್ ಅಂಗಡಿಯ ಹತ್ತಿರ ಅವರ ಯಜಮಾನ ಸಿಕ್ಕಿದ. ಆತನ ಹತ್ತಿರ ಮೂರೂವರೆಯ ಚೀಟಿಗಳ ಕಂತೆಯೇ ಇತ್ತು. ನಾನು ಆದಷ್ಟು ಮೆತ್ತಗೆ, ನಮ್ಮ ತಾಯಿಯವರಿಗೆ ಬೇಗ ಹೋಗಬೇಕು, ಮೂರು ಚೀಟಿ ಬದಲಾಯಿಸಿಕೊಡಿ ಎಂದು ಕೇಳಿದೆ. ಆತ ಒಳ್ಳೆಯ ಮನುಷ್ಯ. "ಅದಕ್ಕೇನಮ್ಮ, ಕೊಡೋಣ" ಎಂದು ನನ್ನ ಚೀಟಿಯನ್ನು ಕೈಗೆ ತೆಗೆದುಕೊಂಡ. ಓದಿದ. ಕೈ ಸುಟ್ಟುಕೊಂಡವನ ಹಾಗೆ ವಾಪಸು ಕೊಟ್ಟ.

"ನಾಲ್ಕೂ ಮುಕ್ಕಾಲಾ? ರಾಹುಕಾಲ ಅಲ್ವೇನಮ್ಮಾ ಅದು! ನಮ್ಮ ಜೊತೆ ಹೊಸ ಹೆಣ್ಣು ಗಂಡು ಬೇರೆ ಇದ್ದಾರೆ. ತಪ್ಪು ತಿಳ್ಕೋಬೇಡ ತಾಯಿ."

ನಾನು ನಗಬೇಕೋ ಅಳಬೇಕೋ ತಿಳಿಯದೆ ವಾಪಸು ಬಂದೆ. ನಡೆದದ್ದನ್ನು ಕೇಳಿ ಅಪ್ಪನಿಗೆ ಆನೆಬಲ ಬಂತು. "ನೋಡಿದ್ಯಾ? ನಾನೊಬ್ಬನೇ ಹುಚ್ಚ ಅಂದ್ಕೊಂಡಿದ್ಯಲ್ಲ! ತಿಳಿದವರು ಯಾರೂ ಆ ಹೊತ್ತಲ್ಲಿ ಹೊಸದಾಗಿ ಒಂದು ಕೆಲಸಕ್ಕೆ ಕಾಲಿಡಲ್ಲ. ಅದೂ ಅಷ್ಟು ಎತ್ತರಕ್ಕೆ."

ಆಗ ಅಮ್ಮ ಮಾತಾಡಿದಳು. ಬೆಳಗ್ಗಿನಿಂದ ಅವಳು ಆಡಿದ ಮಾತು ಹತ್ತು ಇರಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ರೀ, ನಮ್ಮ ಮದುವೆಗೆ ಮೂರು ಜನ ಪುರೋಹಿತರು ಕೂತು ಮುಹೂರ್ತ ಇಟ್ರು. ರಾಹುಕಾಲ, ಯಮಗಂಡ ಎಲ್ಲಾ ಬಿಟ್ಟು ಬೆಳಗಿನ ಜಾವ ತಾಳಿ ಕಟ್ಟಿದ್ರಿ. ಒಳ್ಳೇ ಗಳಿಗೇಲಿ ಬಂದೋಳು ನಾನು. ಮೂವತ್ತು ವರ್ಷದಲ್ಲಿ ನನಗೆ ಅಂತ ಒಂದು ಆಟ ಆಡಿದ್ದೀನಾ? ಕೆಟ್ಟ ಗಳಿಗೇಲಿ ಆದ್ರೂ ಸರಿ, ಒಂದ್ಸಲ ಹತ್ತುತೀನಿ ಬಿಡಿ."

ಅಪ್ಪ ಟೀ ಕುಡಿದು ಬರುತ್ತೇನೆ ಎಂದು ಎದ್ದು ಹೋದರು. ನನಗೆ ಅವರನ್ನು ನೋಡಿ ಪಾಪ ಎನಿಸಿತು. ಅಪ್ಪ ಕೆಟ್ಟವರಲ್ಲ. ಅಮ್ಮನಿಗೆ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆಯೇ ಅವರ ಪಂಚಾಂಗದ ಅರ್ಧ ಭಾಗ ಎಂದು ನನಗೆ ಆ ಬೆಂಚಿನ ಮೇಲೆ ಮೊದಲ ಬಾರಿಗೆ ಹೊಳೆಯಿತು.

ನಾಲ್ಕೂ ಕಾಲಿಗೆ ಅಪ್ಪ ಓಡುತ್ತಲೇ ಬಂದರು. ಟೀ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡಿದ್ದರು.

"ಪ್ರಸ್ಥಾನ! ಪ್ರಸ್ಥಾನ ಇಟ್ಟುಬಿಡೋಣ ಕಣೇ! ಥತ್, ಇಷ್ಟು ಹೊತ್ತು ಹೊಳೀಲೇ ಇಲ್ಲವಲ್ಲ!"

ನಮ್ಮ ಕಡೆ ಇದೊಂದು ಹಳೆಯ ಪದ್ಧತಿ. ಕೆಟ್ಟ ಹೊತ್ತಿನಲ್ಲಿ ಪ್ರಯಾಣ ಹೊರಡಲೇಬೇಕಾದ ಪ್ರಸಂಗ ಬಂದರೆ, ಒಳ್ಳೆಯ ಹೊತ್ತು ಇರುವಾಗಲೇ ಹೊರಡುವವರ ಒಂದು ಚೀಲವನ್ನೋ ಶಲ್ಯವನ್ನೋ ಮುಂದಾಗಿ ಕಳಿಸಿ, ಹೋಗುವ ದಾರಿಯಲ್ಲಿ ಯಾರದಾದರೂ ಮನೆಯಲ್ಲಿ ಇರಿಸುತ್ತಾರೆ. ಚೀಲ ಹೊರಟಿತು ಎಂದರೆ ಮನುಷ್ಯ ಹೊರಟ ಹಾಗೆಯೇ ಲೆಕ್ಕ. ಆಮೇಲೆ ಯಾವಾಗ ಹೊರಟರೂ ಅದು ಹೊಸ ಪ್ರಯಾಣವಲ್ಲ, ಆಗಲೇ ಶುರುವಾದದ್ದರ ಮುಂದುವರಿಕೆ. ತಾತನ ಕಾಲದಲ್ಲಿ ಕಾಶಿಗೆ ಹೋಗುವವರು ಮಾಡುತ್ತಿದ್ದದ್ದನ್ನು ಅಪ್ಪ ಜಾಯಿಂಟ್ ವೀಲಿಗೆ ಮಾಡಲು ಹೊರಟಿದ್ದರು. ನಾಲ್ಕೂವರೆಯೊಳಗೆ ಅಮ್ಮನ ವೈರ್ ಬ್ಯಾಗು ಆ ಕಬ್ಬಿಣದ ಗೇಟಿನ ಒಳಗಿರಬೇಕು.

ಬ್ಯಾಗು ಎತ್ತಿಕೊಂಡು ಮೂವರೂ ಗೇಟಿಗೆ ಓಡಿದೆವು. ವೀಲಿನ ಬಾಗಿಲಲ್ಲಿ ನೀಲಿ ಕೋಟು ತೊಟ್ಟ ಒಬ್ಬಾಕೆ ಚೀಟಿ ಹರಿಯುತ್ತಿದ್ದಳು. ಅಮ್ಮನಿಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳಿರಬೇಕು. ಹಣೆಯಲ್ಲಿ ಕಾಸಗಲ ಕುಂಕುಮ.

"ನಿಮ್ದು ನಾಲ್ಕೂ ಮುಕ್ಕಾಲಿಗೆ. ಈಗ ಒಳಗೆ ಬಿಡೋ ಹಾಗಿಲ್ಲ" ಎಂದಳು ಚೀಟಿ ನೋಡಿ.

"ನಾವು ಬರಲ್ಲಮ್ಮ, ಬ್ಯಾಗು ಮಾತ್ರ" ಎಂದರು ಅಪ್ಪ.

"ಬ್ಯಾಗಾ?"

"ಬ್ಯಾಗು ಒಳಗಿಟ್ಟುಕೊಳ್ಳಿ. ನಾವು ಆಮೇಲೆ ಬರ್ತೀವಿ."

"ಚೀಟಿ ಇಲ್ದೆ ಏನೂ ಒಳಗೆ ಬಿಡಬೇಡಿ ಅಂತ ಆರ್ಡರ್ ಆಗಿದೆ ಸಾರ್."

"ಬ್ಯಾಗಿಗೂ ಚೀಟಿ ಬೇಕೇನ್ರೀ?" ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಗಡಿಯಾರ ನಾಲ್ಕೂ ಇಪ್ಪತ್ತೈದು ತೋರಿಸುತ್ತಿತ್ತು. ನನ್ನ ಜಗಳ ಒಂದು ಹಂತಕ್ಕೆ ಬರಬೇಕಾದರೂ ಹತ್ತು ನಿಮಿಷ ಬೇಕು. ಅಮ್ಮ ನನ್ನನ್ನು ಹಿಂದಕ್ಕೆ ಎಳೆದು ತಾನೇ ಮುಂದೆ ಬಂದಳು. ಆಕೆಯ ಮಾತಿನ ರಾಗದಲ್ಲೇ ಅಮ್ಮನಿಗೆ ಊರು ಸಿಕ್ಕಿಬಿಟ್ಟಿತ್ತು.

"ಅಮ್ಮಾ, ರಾಹುಕಾಲಂ ರಾಕಮುಂದೇ ಈ ಸಂಚಿ ಲೋಪಲ ಪೆಟ್ಟಾಲಮ್ಮಾ" ಎಂದಳು ತೆಲುಗಿನಲ್ಲಿ. ರಾಹುಕಾಲ ಬರುವ ಮುಂಚೆ ಈ ಚೀಲ ಒಳಗಿಡಬೇಕು ಎಂದು.

ಆಕೆಯ ಮುಖ ಅರಳಿತು. "ಪ್ರಸ್ಥಾನಮಾ? ಅದನ್ನ ಮೊದ್ಲೇ ಹೇಳಬಾರದಾ? ನಮ್ಮೂರು ಬೈರಕೂರು ಅಮ್ಮಾ. ನಾನು ಈ ಕೆಲಸಕ್ಕೆ ಸೇರೋ ದಿನ ನಮ್ಮತ್ತೆ ನನ್ನ ಕೋಟನ್ನ ಹಿಂದಿನ ದಿನಾನೇ ಕಳಿಸಿದ್ರು." ಸುತ್ತಲೂ ಒಮ್ಮೆ ನೋಡಿ ಬ್ಯಾಗು ಇಸಿದುಕೊಂಡು, ಯಂತ್ರದ ಹಿಡಿಯ ಪಕ್ಕದಲ್ಲಿದ್ದ ತನ್ನ ಸ್ಟೂಲಿನ ಮೇಲೆ ದೇವರನ್ನು ಕೂರಿಸಿದ ಹಾಗೆ ಕೂರಿಸಿದಳು. ನಾಲ್ಕೂ ಇಪ್ಪತ್ತೆಂಟು. ಅಪ್ಪ ಆ ಬ್ಯಾಗಿಗೆ ಕೈ ಮುಗಿದರು.

ಇಡೀ ದಿನದ ನನ್ನ ಕೂಗಾಟದಿಂದ ಆಗದ್ದು ಒಂದು ವಾಕ್ಯದಲ್ಲಿ ಆಯಿತು. ನನಗೆ ಸ್ವಲ್ಪ ಅವಮಾನವೇ ಆಯಿತು ಅನ್ನಿ.

ನಾಲ್ಕೂ ಮುಕ್ಕಾಲಿಗೆ ನಮ್ಮ ಸರದಿ ಬಂತು. ಒಂದು ತೊಟ್ಟಿಲಿಗೆ ಇಬ್ಬರು. ಅಪ್ಪ ಬರುವುದಿಲ್ಲ ಎಂದರು. ತಮ್ಮದೇನನ್ನೂ ಮುಂದಾಗಿ ಕಳಿಸಿರಲಿಲ್ಲವಲ್ಲ, ತಮಗೆ ಅದು ಹೊಸ ಕೆಲಸವೇ ಆಯಿತು. ತಮ್ಮ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಕಟಕಟೆಯ ಹೊರಗೆ ನಿಂತರು. ಅಮ್ಮ ಸೀರೆಯನ್ನು ಕಾಲಿನ ನಡುವೆ ಒತ್ತಿಕೊಂಡು, ಎಡವದೆ, ಯಾರ ಕೈಯನ್ನೂ ಹಿಡಿಯದೆ ತೊಟ್ಟಿಲು ಹತ್ತಿದಳು. ನಾನು ಪಕ್ಕದಲ್ಲಿ ಕೂತೆ. ಬೈರಕೂರಿನಾಕೆ ಅಡ್ಡಕಂಬಿ ಹಾಕಿ ಹಿಡಿ ಎಳೆದಳು.

ನೆಲ ಕಾಲ ಕೆಳಗಿಂದ ಜಾರಿದ ಕೂಡಲೇ ನನ್ನ ಶೌರ್ಯವೂ ಜಾರಿತು. ಕಣ್ಣು ಮುಚ್ಚಿಕೊಂಡು ಅಮ್ಮನ ತೋಳನ್ನು ಅಪ್ಪಿಕೊಂಡೆ. ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಅಮ್ಮ ಗಟ್ಟಿಯಾಗಿ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಸುತ್ತು ಮುಗಿಯುವ ಹೊತ್ತಿಗೆ, ಕೆಳಗೆ ಒಬ್ಬೊಬ್ಬರನ್ನೇ ಇಳಿಸಲು ವೀಲ್ ನಿಂತಾಗ, ನಮ್ಮ ತೊಟ್ಟಿಲು ಸರಿಯಾಗಿ ತುದಿಯಲ್ಲಿತ್ತು.

"ಕಣ್ಣು ಬಿಡೇ, ಹೆದರುಪುಕ್ಕಲಿ. ನೋಡು" ಎಂದಳು.

ಪೂರ್ವಕ್ಕೆ ಕೋಲಾರದ ಬೆಟ್ಟದ ಸಾಲು, ಅದರ ಮೇಲೆ ಇಳಿಬಿಸಿಲು. ಈಚೆ ಒಂದೆರಡು ಕೆರೆ, ಟೊಮೆಟೊ ತೋಟದ ಕಡ್ಡಿಗಳು, ಹೆದ್ದಾರಿಯ ಲಾರಿಗಳು. ಅಮ್ಮ ಬೆಟ್ಟದ ಕಡೆ ಬೆರಳು ಮಾಡಿದಳು.

"ಅದರ ಹಿಂದೆ ಶ್ರೀನಿವಾಸಪುರ. ಅದರಾಚೆ ನಮ್ಮ ತೋಟ. ತೋಟದ ಮೂಲೇಲಿ ಒಂದು ದೊಡ್ಡ ಮಾವಿನ ಮರ ಇತ್ತು ಕಣೇ. ನಮ್ಮೂರಲ್ಲಿ ಅದರ ತುದೀಗೆ ಹತ್ತುತಾ ಇದ್ದೋಳು ನಾನೊಬ್ಬಳೇ. ಒಂದಿನ ಮೇಲೆ ಕೂತಿದ್ದೆ. ಕೆಳಗಡೆಯಿಂದ ನಮ್ಮಪ್ಪ ಕೂಗಿದ್ರು, ಇಳಿಯೇ, ಮುಳಬಾಗಿಲಿನವರು ಹೆಣ್ಣು ನೋಡೋಕೆ ಬಂದಿದ್ದಾರೆ ಅಂತ. ಇಳಿದೆ."

ಕೆಳಗೆ ಯಾರದೋ ಮಗು ಅಳುತ್ತಿತ್ತು.

"ಆಮೇಲೆ ಯಾರೂ ಹತ್ತು ಅನ್ನಲಿಲ್ಲ. ನಾನೂ ಕೇಳಲಿಲ್ಲ."

ಏನಾದರೂ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ವೀಲ್ ಅಲುಗಾಡಿ ಕೆಳಗಿಳಿಯತೊಡಗಿತು.

ಕೆಳಗೆ ಬಂದು ನಿಂತಾಗ ನಾನು ಒಂದೇ ನೆಗೆತಕ್ಕೆ ಹೊರಗೆ ಬಿದ್ದೆ. ಬೈರಕೂರಿನಾಕೆ ಕಂಬಿ ಎತ್ತಿ ಹಿಡಿದು, "ಇಳೀರಿ ಅಮ್ಮಾ" ಎಂದಳು. ಅಮ್ಮ ಇಳಿಯಲಿಲ್ಲ. ತೊಟ್ಟಿಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದಳು.

"ಇನ್ನೊಂದ್ ಸುತ್ತು ಹೋಗ್ತೀನಮ್ಮ."

"ಒಂದ್ ಚೀಟಿಗೆ ಒಂದೇ ಸುತ್ತಮ್ಮಾ. ನಾನೇನ್ ಮಾಡ್ಲಿ, ಮ್ಯಾನೇಜರು ಅಲ್ಲೇ ನಿಂತು ನೋಡ್ತಿದ್ದಾರೆ." ಆಕೆಯ ಮುಖವೂ ಸಣ್ಣದಾಯಿತು.

ನಾನು ಮ್ಯಾನೇಜರ ಕಡೆ ತಿರುಗಿ ಬಾಯಿ ತೆರೆದೆ. ಆದರೆ ನನ್ನ ಭುಜದ ಮೇಲಿಂದ ಟೀ ಕಲೆಯ ತೋಳೊಂದು ಕಟಕಟೆ ದಾಟಿ ಒಳಗೆ ಬಂತು. ಕೈಯಲ್ಲಿ ಬೆವರಿನಿಂದ ಒದ್ದೆಯಾದ ಚೀಟಿ.

"ಇದು ನಾಲ್ಕೂ ಮುಕ್ಕಾಲಿನದೇ. ಅವಳಿಗೆ ಹಾಕಿ" ಎಂದರು ಅಪ್ಪ.

"ಇದು ನಿಮ್ಮ ನಂಬರಿಂದು ಸಾರ್."

"ಅವಳು ನನ್ನ ಹೆಂಡ್ತಿ. ನನ್ನದು ಏನಿದೆಯೋ ಅದರಲ್ಲಿ ಅರ್ಧ ಅವಳದ್ದು. ಇದು ಪೂರ್ತಿ ಅವಳದ್ದೇ ಆಗಲಿ, ಹರೀರಿ."

ಆಕೆ ಮ್ಯಾನೇಜರ ಕಡೆ ನೋಡದೆ ಚೀಟಿ ಹರಿದಳು. ಕಂಬಿ ಕೆಳಗೆ ಬಿತ್ತು. ಅಮ್ಮ ಅಪ್ಪನ ಕಡೆ ನೋಡಿದಳು. ತೊಟ್ಟಿಲು ಅವಳೊಬ್ಬಳನ್ನೇ ಕೂರಿಸಿಕೊಂಡು ಮೇಲಕ್ಕೆ ಹೊರಟಿತು. ಅವಳ ಹಸಿರು ಸೀರೆ ಬರುಬರುತ್ತಾ ಒಂದು ಎಲೆಯಷ್ಟಾಯಿತು. ಅಪ್ಪ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವರನ್ನು ಸ್ವಲ್ಪ ಕೆಣಕೋಣ ಎನಿಸಿ ಗಡಿಯಾರ ನೋಡಿ ಹೇಳಿದೆ.

"ಅಪ್ಪಾ, ಐದೂ ಹತ್ತು. ನಡು ರಾಹುಕಾಲ."

"ಸುಮ್ನಿರೇ" ಎಂದರು ಅಪ್ಪ, ಮೇಲಿಂದ ಕಣ್ಣು ತೆಗೆಯದೆ. "ಅವಳು ಕೈ ಬೀಸ್ತಿದ್ದಾಳೆ."